ಹಸಿ ಎಣ್ಣೆಗೆ ರುಚಿ ಬೇಕು

ನಮಸ್ಕಾರ. ಅಡುಗೆ ಎಣ್ಣೆ ಅಂದ ತಕ್ಷಣ ನಾವು ಮಾತಾಡೋದು ಎರಡೇ ವಿಷಯ. ಒಂದು ಕೊಲೆಸ್ಟ್ರಾಲು, ಇನ್ನೊಂದು ರೇಟು. ರುಚಿ ಹೇಗಿದೆ ಅಂತ ಕೇಳೋರು ಕಡಿಮೆ. ಬಿಸಿ ಅನ್ನಕ್ಕೆ ಚಟ್ನಿಪುಡಿ ಕಲಸುವಾಗ ಮೇಲೊಂದು ಚಮಚ ಎಣ್ಣೆ ಹಾಕ್ಕೊಳ್ತೀವಲ್ಲ, ಅಲ್ಲಿ ಅರ್ಧ ರುಚಿ ಬರೋದೇ ಎಣ್ಣೆಯಿಂದ. ಘಮನೂ ಇಲ್ಲದ, ರುಚಿನೂ ಇಲ್ಲದ ಎಣ್ಣೆ ಹಾಕ್ಕೊಂಡರೆ ಬಾಯಿಗೆ ಬರೀ ಜಿಡ್ಡು ಸಿಗುತ್ತೆ. ಅದಕ್ಕೇ ನಾನು ಹೇಳೋದು, ಮನೆಯಲ್ಲಿ ಎರಡು ಎಣ್ಣೆ ಇರಲಿ. ಕರಿಯೋಕೆ ಒಂದು, ಹಸಿಯಾಗಿ ಹಾಕ್ಕೊಳ್ಳೋಕೆ ಒಂದು. ಹೆಚ್ಚು ದುಡ್ಡು ಕೊಡೋದಿದ್ದರೆ ಎರಡನೇದಕ್ಕೆ ಕೊಡಿ.

ರಿಫೈನ್ಡ್ ಎಣ್ಣೆ ಸಪ್ಪೆ ಇರೋದಕ್ಕೆ ಕಾರಣ ಇದೆ. ಕೊನೇ ಹಂತದಲ್ಲಿ ಅದನ್ನ ಗಾಳಿ ಎಳೆದ ಟ್ಯಾಂಕಲ್ಲಿ 200 ಡಿಗ್ರಿ ದಾಟೋ ಹಾಗೆ ಕಾಯಿಸಿ, ಹಬೆ ಹಾಯಿಸಿ, ಬೀಜದ ವಾಸನೆಯನ್ನೆಲ್ಲ ತೆಗೆದುಬಿಡ್ತಾರೆ. ಹಾಗಂತ ಅದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಪೂರಿ, ಬಜ್ಜಿ ಕರಿಯೋಕೆ 180 ಡಿಗ್ರಿ ಆಸುಪಾಸು ಕಾವು ಬೇಕು. ಗಾಣದ ಶೇಂಗಾ ಎಣ್ಣೆ ಸುಮಾರು 160ಕ್ಕೇ ಹೊಗೆಯಾಡೋಕೆ ಶುರು ಮಾಡುತ್ತೆ, ರಿಫೈನ್ಡ್ ಆದರೆ 230ರವರೆಗೂ ತಡೆಯುತ್ತೆ. ದುಬಾರಿ ಗಾಣದೆಣ್ಣೆಯನ್ನ ಬಾಣಲೆಗೆ ಸುರಿದು ಕಾಯಿಸಿದರೆ, ಯಾವ ಘಮಕ್ಕೆ ದುಡ್ಡು ಕೊಟ್ಟಿರಿ ಅದೇ ಹೊಗೆಯಾಗಿ ಹೋಗುತ್ತೆ. ‘ನಮ್ಮಜ್ಜಿ ಎಲ್ಲವನ್ನೂ ಗಾಣದೆಣ್ಣೆಯಲ್ಲೇ ಕರೀತಿದ್ದರು’ ಅಂತ ನೀವು ಹೇಳಬಹುದು. ನಿಜ, ಆದರೆ ಅವರ ಮನೆಯಲ್ಲಿ ಕರಿಯೋದು ಹಬ್ಬಕ್ಕೆ ಮಾತ್ರ ಇತ್ತು.

ಹಸಿ ಎಣ್ಣೆಯ ಬೆಲೆ ಗೊತ್ತಿರೋದು ಉತ್ತರ ಕರ್ನಾಟಕದವರಿಗೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಇಲ್ಲಾ ಶೇಂಗಾ ಹಿಂಡಿ. ಹಿಂಡಿ ಅಂದರೆ ಅಲ್ಲಿ ಚಟ್ನಿಪುಡಿ. ಹಿಂಡಿಯ ನಡುವೆ ಬೆರಳಲ್ಲಿ ಗುಳಿ ಮಾಡಿ ಅದರೊಳಗೆ ಎಣ್ಣೆ ಬಿಡ್ತಾರೆ. ಪುಡಿ ಎಣ್ಣೆ ಕುಡಿದು ಬಣ್ಣ ಗಾಢವಾಗುತ್ತೆ, ಬೆಳ್ಳುಳ್ಳಿ ಘಾಟು ತಗ್ಗುತ್ತೆ, ಖಾರ ಹದಕ್ಕೆ ಬರುತ್ತೆ. ಆ ಎಣ್ಣೆ ಗಾಣದ ಕುಸುಬಿ ಎಣ್ಣೆಯಾಗಿದ್ದರೆ ಆ ಊಟಕ್ಕೆ ಸಾಟಿನೇ ಇಲ್ಲ. ಹಗುರ, ಬಾಯಿಗೆ ಅಂಟಲ್ಲ, ಹುರಿದ ಬೀಜದ ಸಣ್ಣ ಘಮ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಜೊತೆ ಕುಸುಬಿ ಹಾಕ್ತಿದ್ದರು. ಮುಳ್ಳಿನ ಗಿಡ ಆದ್ದರಿಂದ ಹೊಲದ ಅಂಚಿಗೆ ಸಾಲು ಹಾಕಿದರೆ ದನ ಒಳಗೆ ನುಗ್ಗುತ್ತಿರಲಿಲ್ಲ, ಎಣ್ಣೆನೂ ಸಿಗ್ತಿತ್ತು. ಈಗ ಆ ಬೆಳೆ ಬಹಳ ಇಳಿದುಹೋಗಿದೆ. ನಾವು ಅಂಗಡಿಯಲ್ಲಿ ಕೇಳದೇ ಇದ್ದರೆ ರೈತ ಯಾಕೆ ಬೆಳೀತಾನೆ? ಇದು ನನಗೆ ನಿಜವಾಗಲೂ ನೋವು ಕೊಡೋ ವಿಷಯ.

ಕರಾವಳಿಯವರದು ಕೊಬ್ಬರಿ ಎಣ್ಣೆ. ಕೊಂಕಣಿಗರ ಬಟಾಟೆ ಹುಮ್ಮಣ, ಅಂದರೆ ಆಲೂಗಡ್ಡೆಯ ಖಾರದ ಸಾರು, ನೋಡಿ. ಒಲೆ ಆರಿಸಿದ ಮೇಲೆ ಇಂಗಿನ ನೀರು, ಅದರ ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ, ತಕ್ಷಣ ಮುಚ್ಚಳ. ಒಗ್ಗರಣೆ ಹಾಕಿದರೆ ಆ ಪರಿಮಳ ಬರಲ್ಲ. ಬೆಂಗಳೂರಿನ ಚಳಿಯಲ್ಲಿ ಈ ಎಣ್ಣೆ ಗಟ್ಟಿಯಾದರೆ ಗಾಬರಿ ಬೇಡ, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟೋದೇ ಸಹಜ.

ಎಳ್ಳೆಣ್ಣೆ ಉಪ್ಪಿನಕಾಯಿಗೆ ಶ್ರೇಷ್ಠ, ಬೇಗ ಕೆಡಲ್ಲ. ಗಾಣದಲ್ಲಿ ಎಳ್ಳಿನ ಜೊತೆ ಬೆಲ್ಲ ಹಾಕಿ ಅರೆಯೋ ರೂಢಿ ಇದೆ, ಹಾಗೆ ತೆಗೆದ ಎಣ್ಣೆ ನಾಲಿಗೆಗೆ ಮೃದು. ಆಲಿವ್ ಎಣ್ಣೆ ಸಲಾಡ್‌ಗೆ ಚೆನ್ನ, ಚಟ್ನಿಪುಡಿಗೆ ಹೊಂದಲ್ಲ.

ಈಗ ಕೊಳ್ಳೋ ವಿಷಯ. ಒಂದು ಲೀಟರ್ ಶೇಂಗಾ ಎಣ್ಣೆಗೆ ಗಾಣದಲ್ಲಿ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ನಿಮ್ಮೂರ ಪೇಟೆಯಲ್ಲಿ ಬೀಜದ ದರ ಕೇಳಿ ಲೆಕ್ಕ ಹಾಕಿ. ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ಮಾರಿ ಸ್ವಲ್ಪ ವಾಪಸ್ ಬರುತ್ತೆ ಅಂದುಕೊಂಡರೂ, ‘ಗಾಣದ್ದು’ ಅಂತ ಅದಕ್ಕಿಂತ ತೀರಾ ಅಗ್ಗಕ್ಕೆ ಕೊಟ್ಟರೆ ಅನುಮಾನ ಪಡಿ. ಪ್ಯಾಕೆಟ್ ಎಣ್ಣೆ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದೆ ಓದಿ. ಎರಡು ಎಣ್ಣೆ ಬೆರೆಸಿದ್ದರೆ ಪ್ರತಿಯೊಂದೂ ಕನಿಷ್ಠ ಶೇ. 20 ಇರಬೇಕು ಅನ್ನೋದು ನಿಯಮ. ಅಂದರೆ ನೀವು ನೆಚ್ಚಿಕೊಂಡ ಎಣ್ಣೆ ಬರೀ ಐದರಲ್ಲಿ ಒಂದು ಪಾಲು ಇದ್ದರೂ ಅದು ಕಾನೂನುಬದ್ಧ.

ಗಾಣದ ಅಂಗಡಿಗೆ ಹೋದರೆ ಸಂಕೋಚ ಇಲ್ಲದೆ ಅಂಗೈ ಮೇಲೆ ನಾಲ್ಕು ಹನಿ ಕೇಳಿ. ಉಜ್ಜಿ ಬಿಸಿ ಮಾಡಿ ಮೂಸಿ, ಆಮೇಲೆ ನೆಕ್ಕಿ. ಹೊಸ ಶೇಂಗಾ ಎಣ್ಣೆ ಆಗ ತಾನೇ ಸುಲಿದ ಕಾಯಿಯ ವಾಸನೆ ಕೊಡುತ್ತೆ. ಪೇಂಟಿನ ಥರ ವಾಸನೆ, ಗಂಟಲಲ್ಲಿ ಕೆರೆತ, ಕಮಟು ಬಂದರೆ ಬಿಟ್ಟು ಬನ್ನಿ. ಕುಸುಬಿ, ಹುಚ್ಚೆಳ್ಳು ಎಣ್ಣೆಗಳು ಗಾಳಿ, ಬೆಳಕು ತಾಕಿದರೆ ಬೇಗ ಕಮಟಾಗ್ತವೆ, ಹಾಗಾಗಿ ಅವನ್ನ ಕಾಲು ಲೀಟರ್, ಅರ್ಧ ಲೀಟರ್ ಮಾತ್ರ ತನ್ನಿ, ಒಲೆ ಪಕ್ಕ ಇಡಬೇಡಿ. ಮನೆಗೆ ತಂದ ಮೇಲೆ ಹಳೇ ಬಾಟಲಿಯ ತಳದಲ್ಲಿ ಉಳಿದ ಎಣ್ಣೆ ಮೇಲೇ ಹೊಸದನ್ನ ಸುರಿಯಬೇಡಿ. ಬಾಟಲಿ ತೊಳೆದು ಪೂರ್ತಿ ಒಣಗಿಸಿ, ಆಮೇಲೆ ತುಂಬಿ. ಇಲ್ಲಾಂದರೆ ಹಳೇದರ ಕಮಟು ಹೊಸದಕ್ಕೂ ಹತ್ತುತ್ತೆ.