ಸೇತುವೆಗೆ ಮುಂಚಿನ 30 ಮೀಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ರಸ್ತೆ, ಸೇತುವೆ ಕೆಲಸದಲ್ಲಿ 31 ವರ್ಷ ಕಳೆದ ಇಂಜಿನಿಯರ್ ನಾನು. ನೀವು ಲಾರಿ ಓಡಿಸುವವರಿರಬಹುದು, ಗ್ರಾಮ ಪಂಚಾಯಿತಿ ಸದಸ್ಯರಿರಬಹುದು, ದಿನಾ ಮಕ್ಕಳನ್ನು ಬಸ್ಸು ಹತ್ತಿಸುವ ತಾಯಂದಿರಿರಬಹುದು. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ವಾಹನ ಹಳ್ಳಕ್ಕೆ ಬೀಳೋದು ಸೇತುವೆಗೆ ಮುಂಚೆ. ಸೇತುವೆ ಮೇಲೆ ಎರಡೂ ಕಡೆ ಗೋಡೆ ಇರುತ್ತದೆ. ಅದಕ್ಕಿಂತ 30 ಮೀಟರ್ ಹಿಂದೆ ಏನಿರುತ್ತದೆ ಹೇಳಿ? ಲಾಂಟಾನಾ ಪೊದೆ, ಆಮೇಲೆ ಇಳಿಜಾರು, ಆಮೇಲೆ ನೀರು.

ಒಂದು ಘಟನೆ ಹೇಳಲೇಬೇಕು. ಮಲೆನಾಡಿನ ಸೆರಗಿನ ಒಂದು ತಾಲ್ಲೂಕಿನಲ್ಲಿದ್ದೆ. ಜುಲೈ ತಿಂಗಳು, ಜಡಿಮಳೆ. ಬೆಳಗಿನ ಜಾವ ಹಾಲಿನ ವ್ಯಾನು ಹಳ್ಳಕ್ಕೆ ಬಿತ್ತು ಅಂತ ಫೋನ್ ಬಂತು. ನಾನು ಹೋಗಿ ಸೇರುವಾಗ ಆರೂವರೆ. ಕ್ಯಾನುಗಳು ಬಂಡೆಗಳ ನಡುವೆ ಸಿಕ್ಕಿಕೊಂಡು ಒಂದಕ್ಕೊಂದು ಬಡಿಯುತ್ತಿದ್ದವು. ಆ ಸದ್ದು ಈಗಲೂ ಕಿವಿಯಲ್ಲಿದೆ. ಡ್ರೈವರ್‌ಗೆ ಭುಜದ ಮೂಳೆ ಮುರಿದಿತ್ತು. ಕ್ಲೀನರ್ ಹುಡುಗ ಉಳಿಯಲಿಲ್ಲ.

ನಾನು ಮೊದಲು ನೋಡಿದ್ದು ಸೇತುವೆಯ ಗೋಡೆ. ವರ್ಷದ ಹಿಂದಷ್ಟೇ ಹೊಸದಾಗಿ ಕಟ್ಟಿಸಿದ್ದೆವು, ಕಪ್ಪು ಹಳದಿ ಪಟ್ಟಿ ಬಳಿಸಿದ್ದೆವು. ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ. ಟೇಪು ಹಿಡಿದು ಚಕ್ರದ ಗುರುತಿನ ಜೊತೆ ಹಿಂದಕ್ಕೆ ನಡೆದೆ. ಗೋಡೆಯ ತುದಿಯಿಂದ ಎರಡಡಿ ಪಕ್ಕದಲ್ಲಿ ವ್ಯಾನು ದಾಟಿಹೋಗಿತ್ತು. ರಸ್ತೆ ಬಿಟ್ಟು ಕೆಳಗಿಳಿದ ಜಾಗ ಇನ್ನೂ ಹಿಂದೆ, ಗೋಡೆಯಿಂದ 26 ಮೀಟರ್ ದೂರದಲ್ಲಿ. ಒದ್ದೆ ಮಣ್ಣಲ್ಲಿ ಎರಡು ಗೆರೆ ಹುಲ್ಲನ್ನು ಮಲಗಿಸಿಕೊಂಡು ನೇರ ಹಳ್ಳಕ್ಕೆ ಹೋಗಿದ್ದವು. ಬ್ರೇಕ್ ಹಾಕಿದ ಗುರುತೇ ಇಲ್ಲ. ಡ್ರೈವರ್‌ಗೆ ಕಣ್ಣು ಎಳೆದಿದೆ, ಅಷ್ಟೆ.

ಅಲ್ಲಿ ಒಬ್ಬರು ಅಜ್ಜಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ನನ್ನ ಟೇಪು ನೋಡಿ ಕೇಳಿದರು: "ಏನಪ್ಪಾ ಅಳೀತಿದೀಯಾ? ಬೇಲಿ ಹಾಕಿ ಕಂಡಿ ಬಿಟ್ಟಿದೀರಲ್ಲ. ದನ ಬೇಲಿ ಹಾರುತ್ತಾ? ಕಂಡೀಲೇ ನುಗ್ಗೋದು."

ಕಾಲೇಜಿನಲ್ಲಿ ಐದು ವರ್ಷ ಓದಿದವನಿಗೆ ಹೊಳೆಯದ್ದನ್ನು ಆ ತಾಯಿ ಒಂದೇ ಉಸಿರಿಗೆ ಹೇಳಿದರು. ನಾವು ಸೇತುವೆಗೆ ಬೇಲಿ ಹಾಕಿದ್ದೆವು, ದಾರಿಗೆ ಹಾಕಿರಲಿಲ್ಲ.

ಆರು ತಿಂಗಳು ಓಡಾಡಿ ಹಣ ಮಂಜೂರು ಮಾಡಿಸಿದೆ. ಹೆದ್ದಾರಿಯಲ್ಲಿ ನೋಡಿರುತ್ತೀರಲ್ಲ, ಅಲೆಯ ಹಾಗೆ ಬಗ್ಗಿಸಿದ ಉದ್ದನೆಯ ಉಕ್ಕಿನ ತಗಡು, ಅದೇ ತಡೆಬೇಲಿ. ಕೆಲಸ ಮುಗಿದಿದೆ ಅಂತ ಗುತ್ತಿಗೆದಾರರು ಕರೆದರು. ಹೋಗಿ ನೋಡಿದರೆ ತಗಡು ಗೋಡೆಗೆ ಒಂದು ಮೊಳ ಇರುವಾಗಲೇ ನಿಂತಿದೆ! ಮತ್ತೆ ಕಂಡಿ. "ಸಾರ್, ಅಷ್ಟರಲ್ಲಿ ಏನಾಗುತ್ತೆ?" ಅಂದರು. ಬಿಚ್ಚಿಸಿ ಮತ್ತೆ ಹಾಕಿಸಿದೆ.

ಏನಾಗುತ್ತೆ ಅಂತ ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ಆ ತಗಡು ಬರೀ 3 ಮಿಲಿಮೀಟರ್ ದಪ್ಪ. ಅದು ಗೋಡೆಯ ಹಾಗೆ ತಡೆಯಲ್ಲ, ಹಗ್ಗದ ಹಾಗೆ ಹಿಡಿಯುತ್ತದೆ. ಗಾಡಿ ಒರಗಿದಾಗ ಕಂಬಗಳು ಬಾಗುತ್ತವೆ, ತಗಡು ಬಿಗಿಯಾಗುತ್ತದೆ, ಗಾಡಿಯನ್ನು ಸವರಿಕೊಂಡು ಮತ್ತೆ ರಸ್ತೆಗೇ ತಿರುಗಿಸುತ್ತದೆ. ಹಗ್ಗದ ಒಂದು ತುದಿ ಬಿಟ್ಟರೆ ಬಿಗಿ ಎಲ್ಲಿಂದ ಬರಬೇಕು? ತಗಡು ಸಡಿಲವಾಗಿ ಹಿಂದಕ್ಕೆ ಸರಿಯುತ್ತದೆ, ಗಾಡಿ ಸೀದಾ ಹೋಗಿ ಕಾಂಕ್ರೀಟ್ ಗೋಡೆಯ ಮೊನೆಗೆ ಗುದ್ದುತ್ತದೆ. ಆದ್ದರಿಂದ ತಗಡನ್ನು ಗೋಡೆಗೇ ಬೋಲ್ಟ್ ಹಾಕಿ ಬಿಗಿಯಬೇಕು. ಸಾಮಾನ್ಯವಾಗಿ ಎರಡು ಮೀಟರಿಗೊಂದು ಇರುವ ಕಂಬ ಗೋಡೆ ಹತ್ತಿರ ಬಂದ ಹಾಗೆ ಒತ್ತೊತ್ತಾಗಿ ಬರಬೇಕು. ಆಗ ಮೆತ್ತಗಿದ್ದದ್ದು ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ರಸ್ತೆ, ಸೇತುವೆ ಕೆಲಸಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ ಕಾಂಗ್ರೆಸ್ಸು ಅನ್ನುವ ಸಂಸ್ಥೆ ತಡೆಬೇಲಿಗಳಿಗೆ ಅಂತಲೇ 2015ರಲ್ಲಿ ಪ್ರತ್ಯೇಕ ಕೈಪಿಡಿ ತಂದಿದೆ. ನಂಬರು 119. ತಿಳುವಳಿಕೆಗೆ ಕೊರತೆ ಇಲ್ಲ.

30 ಮೀಟರ್ ಯಾಕೆ ಅಂತ ಕೇಳುವವರಿದ್ದಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಓಡುತ್ತದೆ. ಎರಡು ಸೆಕೆಂಡು ಕಣ್ಣು ಮುಚ್ಚಿದರೆ 30 ಮೀಟರ್ ಮುಗಿಯಿತು. ಹಾಗಾಗಿ ಸೇತುವೆಗೆ ಮುಂಚೆ, ಕನಿಷ್ಠ 30 ಮೀಟರ್.

2018ರ ನವೆಂಬರ್ 24 ನಿಮಗೆ ನೆನಪಿರಬೇಕು. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದು ಸೇತುವೆಯಲ್ಲ, ನಾಲೆ ಪಕ್ಕದ ರಸ್ತೆ. ಆದರೆ ರಸ್ತೆಗೂ ನೀರಿಗೂ ನಡುವೆ ತಡೆಯುವಂಥದ್ದು ಏನೂ ಇರಲಿಲ್ಲ. ನಮ್ಮ ಎಷ್ಟೋ ನಾಲೆ ಸೇತುವೆಗಳ ಎರಡೂ ತುದಿಯಲ್ಲಿ ಇವತ್ತಿಗೂ ಅದೇ ಸ್ಥಿತಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕಪ್ಪು ಬಿಳಿ ಬಳಿದ ಕಲ್ಲು ನೆಟ್ಟು ಸುಮ್ನಾಗಬೇಡಿ. ಅದು ಅಂಚು ತೋರಿಸುತ್ತದೆ, ಬಸ್ಸು ನಿಲ್ಲಿಸಲ್ಲ. ತಡೆಬೇಲಿ ಶುರುವಾಗುವ ತುದಿ ಭರ್ಜಿಯ ಹಾಗೆ ಗಾಡಿಗೆ ಎದುರಾಗಿರಬಾರದು; ಪಕ್ಕದ ದಿಬ್ಬದೊಳಗೆ ಹೂಳಿಸಿ. ಇನ್ನು ರೈತ ಬಂಧುಗಳಲ್ಲಿ ಒಂದು ವಿನಂತಿ. ಟ್ರ್ಯಾಕ್ಟರ್ ಗದ್ದೆಗೆ ಇಳಿಸಲು ಒಂದು ತಗಡು ಬಿಚ್ಚಿಡುತ್ತೀರಿ. ನಾನೇ ಎಷ್ಟೋ ಕಡೆ ನೋಡಿದ್ದೇನೆ. ಖಂಡಿತ ಬೇಡ. ಅದೂ ಕಂಡಿಯೇ ಅಲ್ವಾ?

ನಾಳೆ ಬೆಳಿಗ್ಗೆ ನಿಮ್ಮೂರ ಸೇತುವೆ ಹತ್ತಿರ ಹೋಗಿ. ಮೇಲೆ ಹತ್ತಬೇಡಿ, ಮುಂಚೆಯೇ ನಿಲ್ಲಿ. ಗೋಡೆಯ ತುದಿಯಿಂದ ಹಿಂದಕ್ಕೆ ನಲವತ್ತು ಹೆಜ್ಜೆ ನಡೆಯಿರಿ. ತಡೆಬೇಲಿ ಇದೆಯಾ ನೋಡಿ. ಇದ್ದರೆ ಗೋಡೆ ಸೇರುವ ಜಾಗದಲ್ಲಿ ಕೈ ಹಾಕಿ ನೋಡಿ, ಬೋಲ್ಟ್ ಇದೆಯಾ ಅಂತ. ಇಲ್ಲದಿದ್ದರೆ ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರು ಬರೆದುಕೊಳ್ಳಿ. ಆ ನಂಬರು ಹಾಕಿ ಪಂಚಾಯಿತಿಗೊಂದು, ಲೋಕೋಪಯೋಗಿ ಇಲಾಖೆಗೊಂದು ಅರ್ಜಿ ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ನಮಸ್ಕಾರ.