ಇವತ್ತು ಪೂರ್ತಿ ನೆಲದ ಮೇಲೆ, ಜೊತೆಗೆ ಒಂದು ವಾಕರ್ ರಗಳೆ

ಫ್ರೇಮ್ ಸ್ವಲ್ಪ ಸೊಟ್ಟ ಇದೆ, ಗೊತ್ತು. ಫೋನನ್ನು ಸೋಫಾ ಕಾಲಿಗೆ ಒರಗಿಸಿ ಇಟ್ಟಿದ್ದೇನೆ. ಯಾಕಂದ್ರೆ ಇವತ್ತಿನ ಹೀರೋಯಿನ್, ನನ್ನ ಪುಟ್ಟ ಮಗಳು, ಇರುವ ಎತ್ತರವೇ ಅಷ್ಟು. ಚಾಪೆ ಹಾಸಿದ್ದು, ಗಿಲಕಿ ಇಟ್ಟಿದ್ದು ಎಲ್ಲ ನಿಮಗೇ ಕಾಣುತ್ತಿದೆ.

ಹಾಂ, ಬೋರಲು ಹಾಕಿ ಆಯಿತು. ಈಗ ಆ ಮುಖ ನೋಡಿ. ನನ್ನ ಮೇಲೆ ಕೇಸು ಹಾಕುವವಳ ಹಾಗೆ ನೋಡುತ್ತಿದ್ದಾಳೆ. ಮೊದಮೊದಲು ಬಹಳ ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, ತಪ್ಪೂ ಅಲ್ಲ. ಹುಟ್ಟಿದ ಮಗುವಿನ ಉದ್ದದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ತಲೆಯೇ ಇರುತ್ತದೆ. ಆ ತಲೆಯನ್ನು ಆ ಪುಟ್ಟ ಕತ್ತು ಎತ್ತಿ ಹಿಡಿಯಬೇಕು. ನಮ್ಮ ತಲೆಯೂ ಅದೇ ಲೆಕ್ಕದಲ್ಲಿ ಇದ್ದಿದ್ದರೆ ನಾವು ಬೆಳಗ್ಗೆ ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ.

ಆದರೂ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿಕ್ಕ ಮಕ್ಕಳ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿತು. ಇನ್ನೂ ತೆವಳಲು ಬಾರದ ಮಗು ಎಚ್ಚರ ಇರುವಾಗ ದಿನಕ್ಕೆ ಕನಿಷ್ಠ 30 ನಿಮಿಷ ಬೋರಲು ಇರಬೇಕು, ಅದೂ ಬಿಡಿಬಿಡಿಯಾಗಿ. ಒಂದೇ ಉಸಿರಿಗೆ ಅರ್ಧ ಗಂಟೆ ಅಂತ ಯಾರೂ ಹೇಳಿಲ್ಲ, ದಯವಿಟ್ಟು ಟೈಮರ್ ಇಟ್ಟುಕೊಂಡು ಮಗುವನ್ನೂ ನಿಮ್ಮನ್ನೂ ಅಳಿಸಬೇಡಿ. ಶುರುವಿನಲ್ಲಿ ಎರಡು ಮೂರು ನಿಮಿಷ ಸಾಕು. ನೀವು ಒರಗಿ ಕೂತು ಎದೆ ಮೇಲೆ ಮಲಗಿಸಿಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ, ನೀವು ನಿದ್ದೆ ಹೋಗದಿದ್ದರೆ ಆಯಿತು. ಹಾಲು ಕುಡಿದ ಕೂಡಲೇ ಮಾತ್ರ ಬೇಡ, ಚಾಪೆ ಒಗೆಯುವ ಕೆಲಸ ಜಾಸ್ತಿಯಾಗುತ್ತದೆ.

ನೋಡಿ ನೋಡಿ, ಮೊಣಕೈ ಊರಿದಳು! ಕತ್ತು, ಭುಜ, ಬೆನ್ನು, ಮೂರಕ್ಕೂ ಒಂದೇ ಸಲ ಕೆಲಸ. ಆಮೇಲೆ ಮಗುಚುವುದು, ಕೂರುವುದು, ಅಂಬೆಗಾಲು, ಎಲ್ಲಕ್ಕೂ ಇದೇ ಬಂಡವಾಳ. ಗಿಲಕಿಯನ್ನು ನಾನು ಬೇಕಂತಲೇ ಆ ಕಡೆ ಸರಿಸುತ್ತಿದ್ದೇನೆ. ಕ್ರೂರಿ ಅಪ್ಪ ಅಂತ ಕಾಮೆಂಟ್ ಹಾಕಬೇಡಿ. ಅವಳು ತಲೆಯನ್ನು ಎರಡೂ ಕಡೆ ತಿರುಗಿಸಲಿ ಅಂತ.

ತಲೆ ಅಂದಾಗ ನೆನಪಾಯಿತು. ಬೋರಲು ಮಲಗಿಸುವುದು ಎಚ್ಚರ ಇರುವಾಗ, ನಾವು ಪಕ್ಕದಲ್ಲಿ ಇರುವಾಗ ಮಾತ್ರ. ನಿದ್ದೆಗೆ ಅಂಗಾತ. ರಾತ್ರಿಯೂ ಅಂಗಾತ, ಹಗಲಿನ ಹತ್ತು ನಿಮಿಷದ ನಿದ್ದೆಗೂ ಅಂಗಾತ. ಇದರಲ್ಲಿ ನನ್ನದು ಒಂದೇ ಮಾತು. ನಿದ್ದೆಯಲ್ಲೇ ಮಗು ಏಕಾಏಕಿ ತೀರಿಹೋಗುವ ಪ್ರಕರಣಗಳು ಬೋರಲು ಮಲಗಿಸುವ ಮನೆಗಳಲ್ಲಿ ಜಾಸ್ತಿ ಅಂತ ಗೊತ್ತಾದ ಮೇಲೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ನಿದ್ದೆ ಬೇಡ ಎಂದಿತು. 1994ರಲ್ಲಿ ಅಲ್ಲಿ ದೊಡ್ಡ ಪ್ರಚಾರವೇ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಅಂಗಾತ ಮಲಗಿದರೆ ಹಾಲು ಕಕ್ಕಿ ಉಸಿರು ಕಟ್ಟುತ್ತದೆ ಅಂತ ಮನೆಯ ದೊಡ್ಡವರು ಹೆದರುತ್ತಾರೆ. ಆದರೆ ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ್ದು ಮೇಲಕ್ಕೆ ಹತ್ತಿ ಉಸಿರಿನ ದಾರಿಗೆ ಹೋಗುವುದು ಸುಲಭವಲ್ಲ.

ಅದರ ಜೊತೆಗೇ ಇನ್ನೊಂದು ತಲೆನೋವು ಬಂತು, ಚಪ್ಪಟೆ ತಲೆ. ಯಾವಾಗಲೂ ಒಂದೇ ಮಗ್ಗುಲಿಗೆ ತಲೆ ಇಟ್ಟು ಮಲಗಿದರೆ ಆ ಭಾಗ ತಟ್ಟೆಯಾಗುತ್ತದೆ. ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ನೆತ್ತಿಯ ಮೆತ್ತನೆ ಜಾಗ ಮುಚ್ಚಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು. ನಾವು ಮಾಡುವುದು ಇಷ್ಟೇ. ಈ ಕ್ಲಿಪ್ ನೋಡಿ, ಇವತ್ತು ತಲೆ ಕಿಟಕಿ ಕಡೆ. ನಾಳೆ ಕಾಲು ಕಿಟಕಿ ಕಡೆ. ಮಕ್ಕಳು ಬೆಳಕಿನ ಕಡೆ, ನಮ್ಮ ಕಡೆ ತಿರುಗುತ್ತಾರೆ. ಹಾಸಿಗೆಯಲ್ಲಿ ದಿಕ್ಕು ಬದಲಾದರೆ ಕತ್ತು ತಾನೇ ಬದಲಾಗುತ್ತದೆ. ತಲೆಗೆ ಆಕಾರ ಬರಲಿ ಅಂತ ದಿಂಬು ಮಾರುತ್ತಾರಲ್ಲ, ಅದು ಬೇಡ. ಮಗು ಮಲಗುವ ಜಾಗದಲ್ಲಿ ಮೆತ್ತನೆ ದಿಂಬೇ ಇರಬಾರದು. ನಾವು ಎಷ್ಟು ಬದಲಿಸಿದರೂ ಮಗು ಒಂದೇ ಕಡೆ ತಿರುಗುತ್ತದೆ, ಇನ್ನೊಂದು ಕಡೆ ತಿರುಗಿಸಲು ಹೋದರೆ ಅಳುತ್ತದೆ ಅಂದರೆ ಡಾಕ್ಟರಿಗೆ ತೋರಿಸಿ. ಕತ್ತಿನ ಒಂದು ಸ್ನಾಯು ಬಿಗಿಯಾಗಿರಬಹುದು. ಫಿಸಿಯೋಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು.

ಸರಿ, ಈಗ ಮೂಲೆಯಲ್ಲಿ ಕಾಣುತ್ತಿದೆಯಲ್ಲ, ಗುಲಾಬಿ ಬಣ್ಣದ ಪೆಟ್ಟಿಗೆ. ಅದರ ಬಗ್ಗೆ ಮಾತಾಡಲೇಬೇಕು. ವಾಕರ್. ಮಗುವನ್ನು ಕೂರಿಸುವ ಚಕ್ರದ ಗಾಡಿ, ನಮ್ಮ ಅಕ್ಕ ಕಳಿಸಿದ್ದು. ಪ್ರೀತಿಯಿಂದ ಕಳಿಸಿದ್ದು, ಅದೇ ಕಷ್ಟ. ಪೆಟ್ಟಿಗೆಯೊಳಗೆ ಇದ್ದಾಗಲೇ ಅದು ಹಾಡಲು ಶುರು ಮಾಡಿತು. ಯಾರೋ ನಡುರಾತ್ರಿ ಪಕ್ಕದಲ್ಲಿ ಹಾದು ಹೋದರೂ ಸಾಕು, ಕುದುರೆ ಕೆನೆಯುತ್ತದೆ, ಆಮೇಲೆ ಪೊಲೀಸ್ ಸೈರನ್, ಆಮೇಲೆ ಕೋಳಿ. ಆ ಮೂರೂ ಒಂದೇ ಕಥೆಯಲ್ಲಿ ಯಾಕೆ ಬರುತ್ತವೆ ನನಗೆ ಅರ್ಥವಾಗಿಲ್ಲ. ಸೆಲ್ ತೆಗೆಯೋಣ ಅಂದರೆ ಮುಚ್ಚಳಕ್ಕೆ ಒಂದು ಸಣ್ಣ ಸ್ಕ್ರೂ. ನಮ್ಮ ಮನೆಯ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರಲಿಲ್ಲ. ಮಕ್ಕಳು ಸೆಲ್ ನುಂಗಬಾರದು ಅಂತ ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ಆಫ್ ಮಾಡುವ ಬಟನ್ ಒಂದನ್ನು ಇಡಬಹುದಿತ್ತು ಅಲ್ವಾ? ಕೊನೆಗೆ ಸ್ಪೀಕರ್ ಮೇಲೆ ಟೇಪ್ ಸುತ್ತಿದ್ದೇನೆ, ಝೂಮ್ ಮಾಡಿದ್ದೇನೆ ನೋಡಿ. ಈಗ ಕುದುರೆಗೆ ನೆಗಡಿ ಆದ ಹಾಗೆ ಕೇಳುತ್ತದೆ.

ಸದ್ದು ಬಿಡಿ. ನನ್ನ ಜಗಳ ಚಕ್ರಗಳ ಜೊತೆ. ವಾಕರಿನಲ್ಲಿ ಕೂತ ಮಗು ಹೆಬ್ಬೆರಳ ತುದಿಯಲ್ಲಿ ನೆಲ ಒದೆಯುತ್ತದೆ, ಪಾದ ಊರುವುದಿಲ್ಲ. ಮುಂದೆ ಟ್ರೇ ಇರುವುದರಿಂದ ತನ್ನ ಕಾಲು ಏನು ಮಾಡುತ್ತಿದೆ ಅಂತ ಕಾಣುವುದೂ ಇಲ್ಲ. ಸಮತೋಲ ಕಲಿಯುವ ಕೆಲಸವನ್ನೆಲ್ಲ ಆ ಸೀಟೇ ಮಾಡಿಬಿಡುತ್ತದೆ. 1999ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ ವಾಕರ್ ಬಳಸಿದ ಮಕ್ಕಳು ಕೂರುವುದು, ತೆವಳುವುದು, ನಡೆಯುವುದು ಮೂರನ್ನೂ ಬಳಸದ ಮಕ್ಕಳಿಗಿಂತ ತಡವಾಗಿ ಮಾಡಿದರು. ಹೆಸರಿಗೆ ವಾಕರ್!

ಅದಕ್ಕಿಂತ ಭಯದ ವಿಷಯ ಅದರ ವೇಗ. ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಹೋಗಬಲ್ಲದು. ನೀವು ಎದ್ದು ನಿಲ್ಲುವಷ್ಟರಲ್ಲಿ ಮಗು ಮೆಟ್ಟಿಲ ಹತ್ತಿರ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರಿನಿಂದ ಪೆಟ್ಟಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಪುಟ್ಟ ಮಕ್ಕಳು 2,30,000ಕ್ಕಿಂತ ಜಾಸ್ತಿ. ಹೆಚ್ಚಿನವರು ಮೆಟ್ಟಿಲಿಂದ ಬಿದ್ದವರು, ಪೆಟ್ಟು ತಲೆಗೆ, ಮುಖಕ್ಕೆ. ಕೆನಡಾ 2004ರಲ್ಲಿ ಇದನ್ನು ನಿಷೇಧಿಸಿತು. ಅಲ್ಲಿ ಹಳೆಯದನ್ನು ಸೆಕೆಂಡ್ ಹ್ಯಾಂಡ್ ಮಾರುವುದಕ್ಕೂ ಅವಕಾಶ ಇಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ನನ್ನ ಮಕ್ಕಳು ಇಬ್ಬರೂ ಅದರಲ್ಲೇ ಅಲ್ವೇನೋ ನಡೆದಿದ್ದು?" ಅಂದಳು. "ಅಕ್ಕಾ, ಅದು ಇಲ್ಲದಿದ್ದರೂ ನಡೆಯುತ್ತಿದ್ದರು" ಅಂದೆ. "ನೀನು ಮೊದಲಿಂದಲೂ ಹೀಗೇ" ಅಂದು ಫೋನ್ ಇಟ್ಟಳು. ಅಕ್ಕಾ, ನೀನು ಈ ವಿಡಿಯೋ ನೋಡುತ್ತೀಯ ಅಂತ ಗೊತ್ತು. ಚಕ್ರ ಬಿಚ್ಚಿ ಹಾಕಿದ್ದೇನೆ. ಈಗ ಅದರ ಮೇಲೆ ಬಟ್ಟೆ ಒಣಗುತ್ತಿದೆ, ಚೆನ್ನಾಗಿಯೇ ಒಣಗುತ್ತದೆ.

ಇಷ್ಟೆಲ್ಲ ಹೇಳಿ ನಾನು ಎಲ್ಲ ಸಾಮಾನಿನ ವಿರೋಧಿ ಅಂದುಕೊಳ್ಳಬೇಡಿ. ಅಂದರೆ, ಬೆಳಗ್ಗೆವರೆಗೆ ವಿರೋಧಿಯೇ ಆಗಿದ್ದೆ. ಬೌನ್ಸರ್ ಅನ್ನುವ ಒರಗು ಸೀಟು, ಸ್ವಿಂಗ್ ಅನ್ನುವ ತೂಗುವ ಸೀಟು, ಕೂರಿಸುವ ಸೀಟು, ಯಾವುದೂ ಬೇಡ ಅಂತ ಹೇಳಲು ಸ್ಕ್ರಿಪ್ಟ್ ಬರೆದಿದ್ದೆ. ಆಮೇಲೆ ನಾನೊಬ್ಬನೇ ಮನೆಯಲ್ಲಿದ್ದಾಗ ಸ್ನಾನ ಮಾಡಬೇಕಾಯಿತು. ಬೌನ್ಸರ್ ಇರಲಿ. ಬೆಲ್ಟ್ ಹಾಕಿ, ಬಾಗಿಲು ತೆರೆದಿಟ್ಟು, ಕಣ್ಣೆದುರಿಗೇ, ಸ್ನಾನ ಮುಗಿಯುವವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುವುದು ಇದನ್ನೇ, ತಳ್ಳುಗಾಡಿ, ಸೀಟು, ಬೆನ್ನಿಗೆ ಕಟ್ಟಿಕೊಳ್ಳುವುದು, ಯಾವುದೇ ಆಗಲಿ ಮಗುವನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬಾರದು. ಮತ್ತೆ ಅದರಲ್ಲಿ ನಿದ್ದೆ ಹೋದರೆ ಎತ್ತಿ ಹಾಸಿಗೆಗೆ ಹಾಕಿ. ಕೂತ ಭಂಗಿಯಲ್ಲಿ ತಲೆ ಮುಂದಕ್ಕೆ ಜೋತರೆ ಉಸಿರಿನ ದಾರಿ ಮಡಚಿಕೊಳ್ಳಬಹುದು.

ಈ ಶಾಟ್ ಬಟ್ಟೆ ಸುತ್ತುವುದು. ಸೊಂಟದ ಕೆಳಗೆ ಎಷ್ಟು ಸಡಿಲ ಇದೆ ನೋಡಿ. ಕಾಲನ್ನು ನೇರ ಮಾಡಿ ಬಿಗಿಯಾಗಿ ಸುತ್ತಿದರೆ ಸೊಂಟದ ಕೀಲು ಜಾರುವ ಅಪಾಯ ಇರುತ್ತದೆ. ಜಪಾನಿನಲ್ಲಿ 1970ರ ದಶಕದ ನಡುವೆ ಹಾಗೆ ಸುತ್ತಬೇಡಿ ಅಂತ ಪ್ರಚಾರ ಮಾಡಿದರು, ಕೀಲು ತಪ್ಪಿದ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಮಂಡಿ ಮಡಚಿ, ಕಾಲು ಎರಡೂ ಕಡೆ ಅಗಲವಾಗಿ ಇರುವುದೇ ಅವರಿಗೆ ಸಹಜ. ಎತ್ತಿಕೊಳ್ಳುವಾಗಲೂ ಹಾಗೇ. ಮಗು ಮಗುಚಲು ನೋಡುತ್ತಿದೆ ಅಂದ ದಿನದಿಂದ ಸುತ್ತುವುದು ಬಂದ್. ಇದು ಅವಳ ಹಳೆಯ ಕ್ಲಿಪ್, ಈಗ ಸುತ್ತುವುದಿಲ್ಲ.

ಶೂ! ಶೂ ಬಗ್ಗೆ ಕೇಳಿದ್ದೀರಿ. ಮನೆಯೊಳಗೆ ಬೇಡ. ಬರಿಗಾಲಿಗೆ ನೆಲ ಸಿಗಬೇಕು, ಬೆರಳು ಕಚ್ಚಿ ಹಿಡಿಯಬೇಕು. ಹೊರಗೆ ನಡೆಯುವ ಕಾಲಕ್ಕೆ ಕಾಲು ಉಳಿಸಲು ಶೂ. ಫೋಟೋಗೆ ಹಾಕಿಕೊಳ್ಳಿ, ತೆಗೆಯಿರಿ, ಮುಗಿಯಿತು.

ಇನ್ನೊಂದು ಪ್ರಶ್ನೆ, "ಪಕ್ಕದ ಮನೆ ಮಗು ಆಗಲೇ ನಿಂತಿದೆ, ನಮ್ಮದು ಯಾಕಿಲ್ಲ?" ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಲೆಕ್ಕ ಕೊಟ್ಟಿದೆ. ಆಧಾರವಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಶುರುವಾಗಬಹುದು. ಅಂತರ ಎಷ್ಟು ದೊಡ್ಡದು ನೋಡಿ! ಅದೇ ಅಧ್ಯಯನದಲ್ಲಿ ಶೇಕಡಾ 4ರಷ್ಟು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ, ಸೀದಾ ಮುಂದಿನದಕ್ಕೆ ಹೋದರು. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಲೆಕ್ಕ ಇಡುವುದು ಹುಟ್ಟಬೇಕಿದ್ದ ದಿನದಿಂದ, ಅದನ್ನು ಮರೆಯಬೇಡಿ. ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಮೈ ತೀರಾ ಬಿಗಿ ಅಥವಾ ತೀರಾ ಜೋಲು ಅನಿಸಿದರೆ, ಕಲಿತದ್ದನ್ನು ಮರೆಯುತ್ತಿದ್ದರೆ ಮಾತ್ರ ಪಕ್ಕದ ಮನೆಯವರನ್ನು ಕೇಳುತ್ತಾ ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ.

ಬೀಳುತ್ತಾರೆ ಅಂತ ಹೆದರುವವರಿಗೆ ಒಂದು ಮಾತು. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12ರಿಂದ 19 ತಿಂಗಳ ಮಕ್ಕಳು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟರು, 17 ಸಲ ಬಿದ್ದರು. ಗಂಟೆಗೆ ಹದಿನೇಳು ಸಲ! ಅಂಥ ಕೆಲಸ ನನಗೆ ಯಾರಾದರೂ ಕೊಟ್ಟಿದ್ದರೆ ಮೊದಲ ಗಂಟೆಯಲ್ಲೇ ರಾಜೀನಾಮೆ ಕೊಡುತ್ತಿದ್ದೆ. ಹಾಗಾಗಿ ಮೇಜಿನ ಚೂಪು ಮೂಲೆಗೆ ಸ್ಪಂಜು ಅಂಟಿಸಿ, ಮೆಟ್ಟಿಲಿಗೆ ಗೇಟು ಹಾಕಿ, ಆಮೇಲೆ ಅವರ ಪಾಡಿಗೆ ಬಿಡಿ. ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ನಡೆಸುವ ಸ್ಪರ್ಧೆ ಬೇಡ. ಅದರಲ್ಲಿ ವ್ಯಾಯಾಮ ಆಗುವುದು ನಮ್ಮ ಸೊಂಟಕ್ಕೆ.

ಅಯ್ಯೋ, ಮೈಕಿನ ವೈರು ಬಾಯಿಗೆ ಹೋಯಿತು. ಪುಟ್ಟೀ, ಬಿಡಮ್ಮ, ಬಿಡು. ಸಾರಿ, ಇಲ್ಲಿಗೆ ಕಟ್ ಮಾಡುತ್ತೇನೆ. ಡೈಪರೂ ಬದಲಿಸಬೇಕು, ಅದನ್ನು ತೋರಿಸುವುದಿಲ್ಲ. ಆ ಸಣ್ಣ ಸ್ಕ್ರೂಗೆ ಯಾವ ಸ್ಕ್ರೂಡ್ರೈವರ್ ಬೇಕು ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ.