ಕಸದ ತೂಕ ಬೇಡ, ಕೈಕೆಲಸ ನೋಡಿ

ಎಲ್ಲರಿಗೂ ನಮಸ್ಕಾರ.

ಗಾಜಿನ ಬಳೆ ಒಡೆದರೆ ನಾವು ಏನು ಮಾಡುತ್ತೇವೆ? ಯಾರ ಕಾಲಿಗಾದರೂ ಚುಚ್ಚೀತು ಅಂತ ಗುಡಿಸಿ, ಕಾಗದದಲ್ಲಿ ಸುತ್ತಿ ಬಿಸಾಕುತ್ತೇವೆ. ಒಡೆದ ಬಳೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅಜ್ಜಿಯಂದಿರು ಹೇಳುವುದೂ ಉಂಟು. ಚಂಡೀಗಢದಲ್ಲಿ ಒಬ್ಬರು ಅಂಥ ಚೂರುಗಳನ್ನೇ ರಾಶಿ ರಾಶಿ ಕೂಡಿಟ್ಟರು. ನೇಕ್ ಚಂದ್ ಅಂತ. ಬಿಸಾಡಿದ ವಸ್ತುಗಳಿಂದಲೇ ಮಾಡಿದ ಅವರ ಶಿಲ್ಪಗಳ ತೋಟ, ರಾಕ್ ಗಾರ್ಡನ್, ಅದರ ಹೆಸರನ್ನು ನಿಮ್ಮಲ್ಲಿ ತುಂಬಾ ಜನ ಕೇಳಿರುತ್ತೀರಿ.

ಅವರು ಹುಟ್ಟಿದ್ದು 1924ರಲ್ಲಿ. ಹುಟ್ಟಿದ ಹಳ್ಳಿ ಈಗ ಪಾಕಿಸ್ತಾನಕ್ಕೆ ಸೇರಿದೆ. ದೇಶ ಭಾಗವಾದಾಗ ಊರು ಬಿಟ್ಟು ಬಂದರು. ಆಮೇಲೆ ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆದರು. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ನಕ್ಷೆಯ ಹೊಸ ನಗರ ಏಳುತ್ತಿದ್ದ ಕಾಲ ಅದು. ಆ ನಗರಕ್ಕೆ ಜಾಗ ಬೇಕು ಅಂತ ಅಲ್ಲಿದ್ದ ಹಳ್ಳಿಗಳನ್ನು ಕೆಡವಿದ್ದರು. ಒಂದು ಹಳ್ಳಿ ಕಳೆದುಕೊಂಡು ಬಂದ ಮನುಷ್ಯನ ಕಣ್ಣೆದುರಿಗೆ ಬೇರೆಯವರ ಹಳ್ಳಿಗಳು ಮಣ್ಣುಪಾಲಾಗಿ ಬಿದ್ದಿದ್ದವು. ಒಡೆದ ಪಿಂಗಾಣಿ, ಮಡಕೆ ಚೂರು, ಬಳೆ ಚೂರು, ಮುರಿದ ಸೈಕಲ್. ಕೆಲಸ ಮುಗಿದ ಮೇಲೆ ಅವನ್ನೆಲ್ಲ ಸೈಕಲ್ ಮೇಲೆ ಹೇರಿಕೊಂಡು ಸುಖ್ನಾ ಕೆರೆಯ ಹತ್ತಿರದ ಕಾಡಿಗೆ ಸಾಗಿಸಿದರು. 1957ರ ಹೊತ್ತಿಗೆ ಶುರುವಾದ ಕೆಲಸ ಇದು. ಅದು ಸರ್ಕಾರಿ ಜಾಗ, ಯಾರೂ ಏನೂ ಕಟ್ಟುವ ಹಾಗಿರಲಿಲ್ಲ. ಹಾಗಾಗಿ ರಾತ್ರಿ ಹೊತ್ತು ಹಳೇ ಟೈರ್ ಸುಟ್ಟು, ಆ ಬೆಳಕಿನಲ್ಲಿ ಗುಟ್ಟಾಗಿ ಮಾಡುತ್ತಿದ್ದರು. ಸುಮಾರು 18 ವರ್ಷ!

ಈಗ ಆ ಬಳೆ ಚೂರುಗಳಿಂದ ಅವರು ಮಾಡಿದ ಹೆಂಗಸರ ಗೊಂಬೆಗಳ ವಿಷಯಕ್ಕೆ ಬರೋಣ. ಒಳಗೆ ಹಳೇ ಕಬ್ಬಿಣದ ಸರಳು, ಪೈಪು. ಅದರ ಮೇಲೆ ಸಿಮೆಂಟು. ಸಿಮೆಂಟು ಹಸಿಯಾಗಿರುವಾಗಲೇ ಬಳೆ ಚೂರುಗಳನ್ನು ಒಂದರ ಪಕ್ಕ ಒಂದು ಒತ್ತಬೇಕು. ತಡವಾದರೆ ಚೂರು ಕೂರುವುದಿಲ್ಲ. ಬಳೆ ಚೂರು ನೇರವಾಗಿರುವುದಿಲ್ಲ, ಬಾಗಿರುತ್ತದೆ ಅಲ್ವಾ? ಆ ಬಾಗನ್ನು ಅವರು ಹಾಗೇ ಉಳಿಸಿಕೊಂಡರು. ಸಾಲಾಗಿ ಕೂರಿಸಿದಾಗ ಅದು ಬಟ್ಟೆಯ ನೆರಿಗೆ ಥರ ಕಾಣುತ್ತದೆ. ಹಸಿರು, ಕೆಂಪು, ನೀಲಿ. ಯಾರದ್ದೋ ಕೈಗೆ ಒಡವೆಯಾಗಿದ್ದ ಬಳೆ ಇಲ್ಲಿ ಇನ್ನೊಬ್ಬಳ ಮೈತುಂಬಾ ಉಡುಗೆಯಾಗಿದೆ. ಮುಖಗಳು ಮಾತ್ರ ತುಂಬಾ ಸರಳ. ಅಂಥ ಹೆಂಗಸರು ಸಾಲು ಸಾಲಾಗಿ ನಿಂತಿದ್ದಾರೆ, ಊರ ಜನ ಜಾತ್ರೆಗೆ ಸೇರಿದ ಹಾಗೆ. ವ್ಯಕ್ತಿಗಳ ಪ್ರತಿಮೆ ಇಡಬಾರದು ಅಂತ ಕಾರ್ಬೂಸಿಯೆ ಶಾಸನ ಮಾಡಿಟ್ಟ ಊರು ಅದು. ಅಲ್ಲೇ, ಕಾಡಿನೊಳಗೆ, ಹೆಸರಿಲ್ಲದ ಸಾಮಾನ್ಯ ಜನ ಎದ್ದು ನಿಂತರು. ನನಗೆ ಇದು ತುಂಬಾ ದೊಡ್ಡ ವಿಷಯ.

ಅದಕ್ಕೇ ನನಗೆ ಒಂದು ತಕರಾರಿದೆ. ಬಿಸಾಡಿದ ವಸ್ತುವಿನ ಕಲೆ ಅಂದ ತಕ್ಷಣ ನಾವು ಕೇಳುವ ಮೊದಲ ಪ್ರಶ್ನೆ, ಎಷ್ಟು ಟನ್ ಕಸ ಬಳಸಿದ್ದಾರೆ? ದೆಹಲಿಯಲ್ಲಿ 2019ರಲ್ಲಿ ವೇಸ್ಟ್ ಟು ವಂಡರ್ ಪಾರ್ಕ್ ಶುರುವಾಯಿತು. ಸುಮಾರು 150 ಟನ್ ಗುಜರಿಯಲ್ಲಿ ಜಗತ್ತಿನ ಏಳು ಅದ್ಭುತಗಳ ಮಾದರಿ ಮಾಡಿದ್ದಾರೆ. ವೆಲ್ಡಿಂಗ್ ಮಾಡಿದ ಕೈಗಳ ಬಗ್ಗೆ ನನಗೆ ಗೌರವವಿದೆ, ಅದು ಸುಲಭದ ಕೆಲಸ ಖಂಡಿತ ಅಲ್ಲ. ಆದರೆ ತಾಜ್ ಮಹಲ್ ಹೇಗಿರಬೇಕು ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ಗುಜರಿ ಆಮೇಲೆ ಬಂತು. ಹೊಸ ಕಬ್ಬಿಣ ತಂದಿದ್ದರೂ ಅದೇ ಆಕಾರ ಬರುತ್ತಿತ್ತು. ನೇಕ್ ಚಂದ್ ಅವರ ಹೆಂಗಸರನ್ನು ಹೊಸ ಗಾಜಿನಲ್ಲಿ ಮಾಡಿ ನೋಡೋಣ? ಆ ನೆರಿಗೆ ಬರುವುದಿಲ್ಲ. ಆ ನೆರಿಗೆ ಬಂದಿದ್ದೇ ಬಳೆ ಒಡೆದಿದ್ದರಿಂದ.

1975ರಲ್ಲಿ ನೇಕ್ ಚಂದ್ ಅವರ ಈ ಗುಟ್ಟು ಬಯಲಾಯಿತು. ಕಾನೂನು ಪ್ರಕಾರ ಅದು ಒತ್ತುವರಿ, ಕೆಡವಬೇಕು ಅನ್ನುವ ಮಾತೂ ಬಂತು. ಜನ ಬಿಡಲಿಲ್ಲ. 1976ರಲ್ಲಿ ಅದೇ ಜಾಗವನ್ನು ಸಾರ್ವಜನಿಕರಿಗೆ ತೆರೆದರು. ಅವರಿಗೆ ಸಂಬಳ ಕೊಟ್ಟು, ಕೆಲಸದವರನ್ನೂ ಕೊಟ್ಟು, ಇದನ್ನೇ ಮುಂದುವರಿಸಿ ಅಂದರು. 1984ರಲ್ಲಿ ಪದ್ಮಶ್ರೀ ಬಂತು. ಆದರೂ 1990ರಲ್ಲಿ ರಸ್ತೆಗೆ ಅಂತ ಬುಲ್ಡೋಜರ್ ಬಂದಾಗ ಮತ್ತೆ ಊರಿನವರೇ ಅಡ್ಡ ನಿಲ್ಲಬೇಕಾಯಿತು. 2015ರಲ್ಲಿ ತೀರಿಕೊಳ್ಳುವವರೆಗೂ ಅವರ ಮನಸ್ಸೆಲ್ಲ ಆ ತೋಟದಲ್ಲೇ ಇತ್ತು.

ಸಂಬಳ ಮತ್ತು ಕೆಲಸದವರು ಅಂದೆನಲ್ಲ, ಅದನ್ನು ಸ್ವಲ್ಪ ಯೋಚಿಸಿ. ಒಬ್ಬ ಕಲಾವಿದನಿಗೆ ಬೇಕಿದ್ದಿದ್ದು ಅದೇ: ಸಮಯ, ಜಾಗ, ಕೈ ಜೋಡಿಸುವ ಜನ. ನಮ್ಮ ಕಡೆ ಗುಜರಿ ಶಿಲ್ಪ ಮಾಡಿಸುವಾಗ ಹೆಚ್ಚಾಗಿ ಏನಾಗುತ್ತದೆ? ಒಂದು ಫೋಟೋ ಕೊಟ್ಟು, ಸಿಂಹ ಮಾಡಿ, ಗಿಟಾರ್ ಮಾಡಿ, ಪರಿಸರ ದಿನಕ್ಕೆ ರೆಡಿ ಇರಲಿ ಅನ್ನುತ್ತಾರೆ. ಕಾರ್ಪೊರೇಷನ್‌ನವರು, ಕಾಲೇಜಿನವರು ಯಾರಾದರೂ ಇದನ್ನು ಕೇಳುತ್ತಿದ್ದರೆ ನನ್ನ ಮನವಿ ಇಷ್ಟೇ. ಫೋಟೋ ಕೊಡಬೇಡಿ. ಮೊದಲು ಕಲಾವಿದರನ್ನು ಗುಜರಿ ಗೋಡೌನ್‌ಗೆ ಕರೆದುಕೊಂಡು ಹೋಗಿ. ಒಂದೆರಡು ತಿಂಗಳು ಸುಮ್ನೆ ಆರಿಸಲು ಬಿಡಿ, ಆ ತಿಂಗಳುಗಳಿಗೂ ದುಡ್ಡು ಕೊಡಿ. ಏನು ಮಾಡಬೇಕು ಅನ್ನುವುದನ್ನು ಅವರು ಆಮೇಲೆ ಬಂದು ಹೇಳಲಿ.